ಕೊಯ್ದ ಗಂಟು ಎಲ್ಲಿ ಹೋಯಿತು?

ಬಸ್ ಸ್ಟ್ಯಾಂಡ್ ಪಕ್ಕದ ಕಿರಾಣಿ ಅಂಗಡಿಯವರ ಕುತ್ತಿಗೆಯ ಬಲಪಕ್ಕದಲ್ಲಿ ಒಂದು ಗಂಟು. ನೋವಿಲ್ಲ, ಉರಿಯಿಲ್ಲ. ಅಡಿಕೆಯಷ್ಟಿದ್ದದ್ದು ವರ್ಷ ಕಳೆಯುವಷ್ಟರಲ್ಲಿ ನಿಂಬೆಹಣ್ಣಿನಷ್ಟಾಯಿತು. "ಕೊಬ್ಬಿನ ಗಂಟು ಕಣ್ರೀ, ಹತ್ತು ನಿಮಿಷದ ಕೆಲಸ" ಎಂದರು ಒಂದು ನರ್ಸಿಂಗ್ ಹೋಮಿನಲ್ಲಿ. ಕೊಯ್ದರು, ಹೊಲಿದರು, ಹಣ ಕಟ್ಟಿಸಿಕೊಂಡರು.

ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಗಂಟು ಮತ್ತೆ ಎದ್ದಿತು. ದೊಡ್ಡಾಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಹಿಂದೆ ತೆಗೆದ ಗಂಟಿನ ರಿಪೋರ್ಟ್ ಎಲ್ರೀ?"

ರಿಪೋರ್ಟ್ ಎಲ್ಲಿಂದ ಬರಬೇಕು? ಗಂಟು ಲ್ಯಾಬಿಗೇ ಹೋಗಿರಲಿಲ್ಲ. ಬಕೆಟ್ಟಿಗೆ ಹೋಗಿತ್ತು!

ಓದುಗರು ಗಾಬರಿಯಾಗಬೇಕಿಲ್ಲ. ಚರ್ಮದಡಿ ಮೆತ್ತಗೆ ಜಾರುವ ಗಂಟು ಬಹುಪಾಲು ಲೈಪೋಮಾ, ಅಂದರೆ ಬರೀ ಕೊಬ್ಬು. ಕುತ್ತಿಗೆಯ ಗಂಟು ಗಂಡಮಾಲೆ, ಅಂದರೆ ಟಿ.ಬಿ.ಯೂ ಆಗಿರಬಹುದು, ಅದಕ್ಕೆ ಮಾತ್ರೆ ಉಂಟು. ಅಪರೂಪಕ್ಕೆ ಮಾತ್ರ ಅದು ಸಾರ್ಕೋಮಾ. ಕೊಬ್ಬು, ಸ್ನಾಯು, ನರ, ರಕ್ತನಾಳಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ದೊಡ್ಡವರ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 1. ಅದರಲ್ಲೂ ತಲೆ-ಕುತ್ತಿಗೆಯಲ್ಲಿ ಏಳುವುದು 10ರಲ್ಲಿ ಒಂದೋ ಏನೋ. ಅಪರೂಪವಾದ್ದರಿಂದಲೇ ಡಾಕ್ಟರರೂ ಏಮಾರುತ್ತಾರೆ.

ಸಾರ್ಕೋಮಾ ಆದರೆ ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು. ಕುತ್ತಿಗೆಯಲ್ಲಿ ಅಷ್ಟು ಜಾಗವೆಲ್ಲಿದೆ? ಇತ್ತ ಮಿದುಳಿಗೆ ರಕ್ತ ಒಯ್ಯುವ ನಾಳ, ಅತ್ತ ಭುಜ ಎತ್ತಿಸುವ ನರ. ಬರೀ ಗಂಟು ಕಿತ್ತರೆ ಬೇರು ಉಳಿಯುತ್ತದೆ. ಎರಡನೇ ಸಲಕ್ಕೆ ಇನ್ನೂ ದೊಡ್ಡ ಆಪರೇಷನ್, ಮೇಲೆ 'ಕರೆಂಟ್' ಅಂದರೆ ರೇಡಿಯೇಷನ್. ಹೀಗಾಗಿ ಮೊದಲು ಸ್ಕ್ಯಾನ್, ಆಮೇಲೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ, ಕೊನೆಗೆ ಕತ್ತಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆಂಬ ಕಟ್ಟೆಮಾತಿಗೆ ಹೆದರಿ ಪರೀಕ್ಷೆ ತಪ್ಪಿಸಬೇಡಿ.

ಮಕ್ಕಳಿದ್ದವರು ಇದನ್ನೂ ತಿಳಿದಿರಿ. ಮಗುವಿನ ಒಂದು ಕಣ್ಣು ಕೆಲವೇ ದಿನಗಳಲ್ಲಿ ಮುಂದಕ್ಕೆ ಉಬ್ಬಿತೋ, ದೃಷ್ಟಿ ತೆಗೆಯುತ್ತ ಕೂರಬೇಡಿ, ಅವತ್ತೇ ಕರೆದೊಯ್ಯಿರಿ. ಅದು ರ್‍ಯಾಬ್ಡೋಮಯೋಸಾರ್ಕೋಮಾ ಇದ್ದರೂ ಇರಬಹುದು. ಕಣ್ಣುಗುಳಿಯಲ್ಲೇ ಬೇಗ ಸಿಕ್ಕಿದರೆ ಔಷಧಿ, ರೇಡಿಯೇಷನ್‌ನಿಂದ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ.

ಮೂರು ವಾರವಾದರೂ ಇಳಿಯದ ಗಂಟು, ಬೆಳೆಯುತ್ತಲೇ ಇರುವ ಗಂಟು, ಒಳಗೆ ಅಂಟಿಕೊಂಡಂತಿರುವ ಗಂಟು ಇದ್ದರೆ ತೋರಿಸಿ. ಅನುಮಾನ ಬಂದರೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ.

ಅಂಗಡಿಯವರಿಗೆ ಎರಡನೇ ಆಪರೇಷನ್ ಆಗಿದೆ. ಜೀವಕ್ಕೆ ಸದ್ಯ ಭಯವಿಲ್ಲ. ಆದರೆ ಬಲಗೈ ಮೇಲೇಳದು. ಅಟ್ಟದ ಡಬ್ಬ ಮಗ ಇಳಿಸಿಕೊಡಬೇಕು. ಎರಡು ಕಿಲೋ ಸಕ್ಕರೆಗೂ ಚೀಟಿ ಬರೆದುಕೊಡುವ ಮನುಷ್ಯ, ತನ್ನ ಮೈಯಿಂದ ಕೊಯ್ದದ್ದಕ್ಕೆ ಚೀಟಿ ಕೇಳಲಿಲ್ಲ.

ನೀವು ಕೇಳಿ.