ಅಸಲು ಕೋಲ್ಟ್, ನಕಲು ಕೋಲ್ಟ್

ಅಮೆರಿಕದ ಪಶ್ಚಿಮ ಪ್ರಾಂತದ ಸಾಹಸಗಳನ್ನು ತೋರಿಸುವ ಚಲಚ್ಚಿತ್ರಗಳನ್ನು ನೋಡಿದವರಿಗೆಲ್ಲ ಆ ರಿವಾಲ್ವರು ಚಿರಪರಿಚಿತ. ನಾಯಕನ ಸೊಂಟದಲ್ಲಿ ತೂಗುವ, ಬಾಗಿದ ಹಿಡಿಯ ಆ ಆಯುಧದ ಹೆಸರು ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ‘ಪೀಸ್‌ಮೇಕರ್’, ಅಂದರೆ ಶಾಂತಿ ತರುವವನು, ಎಂಬುದು ಅದರ ಅಡ್ಡಹೆಸರು! ಆದರೆ ತೆರೆಯ ಮೇಲೆ ಮೆರೆದ ಇಂಥ ರಿವಾಲ್ವರುಗಳಲ್ಲಿ ಎಷ್ಟೋ ಇಟಲಿಯಲ್ಲಿ ತಯಾರಾದ ನಕಲುಗಳು.

ಅಸಲು ರಿವಾಲ್ವರು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ 1873ರಲ್ಲಿ ಜನ್ಮ ತಾಳಿತು. ಕಂಪೆನಿಯ ಸ್ಥಾಪಕನಾದ ಸ್ಯಾಮ್ಯುಅಲ್ ಕೋಲ್ಟ್ ಅದನ್ನು ಕಾಣಲಿಲ್ಲ. ಆತ 1862ರಲ್ಲಿಯೇ ತೀರಿಕೊಂಡಿದ್ದನು. ಇದರಲ್ಲಿ ಪ್ರತಿಯೊಂದು ಗುಂಡಿಗೂ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು. ಅದನ್ನು ಬಿಡಿಸುವುದೊಂದೇ ಟ್ರಿಗರಿನ ಕೆಲಸ. ‘ಸಿಂಗಲ್ ಆಕ್ಷನ್’ ಎಂಬ ಹೆಸರು ಬಂದುದು ಇದರಿಂದ.

ಎರಡನೆಯ ಮಹಾಯುದ್ಧದ ಹೊತ್ತಿಗೆ, ಸುಮಾರು ಮೂರೂವರೆ ಲಕ್ಷ ರಿವಾಲ್ವರುಗಳಾದ ಮೇಲೆ, ತಯಾರಿಕೆ ನಿಂತಿತು. ಮುಂದೆ ಟೆಲಿವಿಷನ್ನಿನ ಕೌಬಾಯ್ ಕಥೆಗಳಿಂದ ಬೇಡಿಕೆ ಮರುಕಳಿಸಲು, ಕೋಲ್ಟ್ ಕಂಪೆನಿ 1956ರಲ್ಲಿ ಮತ್ತೆ ಅದನ್ನು ಆರಂಭಿಸಿತು. 1959ರಲ್ಲಿ ಆಲ್ಡೊ ಉಬೆರ್ತಿ ಎಂಬಾತನು, ಶತಮಾನಗಳಿಂದ ಬಂದೂಕಿಗೆ ಹೆಸರಾದ ಇಟಲಿಯ ಗಾರ್ದೋನೆ ವಾಲ್ ತ್ರೋಂಪಿಯಾದಲ್ಲಿ ಕಾರ್ಖಾನೆ ತೆರೆದನು. ಮೊದಲು 1851ರ ‘ನೇವಿ’ ಕೋಲ್ಟಿನ ಪ್ರತಿರೂಪ, ಅನಂತರ 1873ರ ಮಾದರಿಯ ಪ್ರತಿರೂಪ ಅಲ್ಲಿಂದ ಹೊರಬಂದವು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೊರನೋಟಕ್ಕೆ ಅವಳಿ ಮಕ್ಕಳೇ ಸರಿ. ಗುಣದಲ್ಲಿ ಮಾತ್ರ ಅಂತರವುಂಟು. ಆರಂಭದ ಕೋಲ್ಟುಗಳ ಲೋಹ ಕಪ್ಪು ಮದ್ದಿನ ಒತ್ತಡಕ್ಕೆ ತಕ್ಕದ್ದು. ಹೊಗೆಯಿಲ್ಲದ ಮದ್ದಿಗೆ ಕಂಪೆನಿ ಭರವಸೆ ಕೊಟ್ಟುದು 1900ರ ಸುಮಾರಿಗೆ. ಅಜ್ಜನ ಕಾಲದ ರಿವಾಲ್ವರಿನಲ್ಲಿ ಇಂದಿನ ತೋಟಾ ತುಂಬುವುದು ಕೈಯನ್ನೇ ಪಣವಾಗಿ ಒಡ್ಡಿದಂತೆ. ಮೇಲಾಗಿ, ಹಳೆಯದರ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಮೇಲೆ ಕೂರುತ್ತಿತ್ತು. ಕೈಜಾರಿ ಬಿದ್ದರೆ ಗುಂಡು ಹಾರುವ ಭಯ. ಆದ್ದರಿಂದ ಜಾಣರು ಆರು ಮನೆಗಳಲ್ಲಿ ಐದನ್ನಷ್ಟೇ ತುಂಬಿ, ಹ್ಯಾಮರಿನ ಕೆಳಗಿನ ಒಂದನ್ನು ಖಾಲಿ ಬಿಡುತ್ತಿದ್ದರು. ನಕಲುಗಳ ಉಕ್ಕು ಹೊಸದು. ಕೆಲವಕ್ಕೆ ಈ ಅಪಾಯವನ್ನು ತಡೆಯುವ ಏರ್ಪಾಡೂ ಉಂಟು. ಗುರಿಯಾಟದ ಹವ್ಯಾಸಿಗೆ ನಕಲೇ ಮೇಲು.

ಸಂಗ್ರಾಹಕನ ಲೆಕ್ಕ ಬೇರೆ. ಕುದುರೆ ಸವಾರರ ದಳಕ್ಕೆ ಸಲ್ಲುವ ಮುನ್ನ ಸರ್ಕಾರದ ಪರೀಕ್ಷಕ ಏನ್ಸ್‌ವರ್ತನ ಮುದ್ರೆ ಪಡೆದ ರಿವಾಲ್ವರಿಗೆ ಅಪಾರ ಬೆಲೆ. ಬೆಲೆಯಿದ್ದೆಡೆ ವಂಚನೆಯೂ ತಲೆಹಾಕುತ್ತದೆ. ಇಟಲಿಯ ಪರೀಕ್ಷಾಲಯದ ಗುರುತನ್ನು ಅಳಿಸಿ, ಹಳೆಯ ಮುದ್ರೆ ಒತ್ತಿ, ನಕಲನ್ನು ಅಸಲೆಂದು ಮಾರುವವರಿದ್ದಾರೆ. ಬಿಡಿಭಾಗಗಳ ಸಂಖ್ಯೆಗಳು ಹೊಂದದಿದ್ದರೆ ಅದು ಖೋಟಾ ಎನ್ನೋಣವೇ? ಅದೂ ಸಲ್ಲದು. 1895ರಿಂದಾಚೆಗೆ ಸರ್ಕಾರವೇ ಸಾವಿರಾರು ರಿವಾಲ್ವರುಗಳನ್ನು ಬಿಚ್ಚಿ, ಏಳೂವರೆ ಅಂಗುಲದ ನಳಿಗೆಯನ್ನು ಐದೂವರೆಗೆ ಇಳಿಸಿ, ಭಾಗಗಳನ್ನು ಬೆರಸಿ ಮರುಜೋಡಿಸಿತು. ಆ ಬಗೆಯಲ್ಲಿ ಸಂಖ್ಯೆಗಳೆಲ್ಲ ಅಚ್ಚುಕಟ್ಟಾಗಿ ಹೊಂದಿದರೇ ಪರೀಕ್ಷಕನ ಹುಬ್ಬು ಮೇಲೇರುತ್ತದೆ!

ಬೆಳ್ಳಗಿರುವುದೆಲ್ಲ ಹಾಲಲ್ಲ, ನಿಜ. ಆದರೆ ತನ್ನ ಊರಿನ ಮುದ್ರೆಯನ್ನು ಮೈಮೇಲೆ ಹೊತ್ತ ನಕಲು ಯಾರನ್ನೂ ವಂಚಿಸುವುದಿಲ್ಲ. ದೋಷವಿರುವುದು ಅದರ ಹುಟ್ಟಿನಲ್ಲಲ್ಲ. ಆ ಮುದ್ರೆಯನ್ನು ಅಳಿಸುವ ಕೈಯಲ್ಲಿ.