ನೆಲಹಾಸಿನ ದುರಸ್ತಿ: ಗ್ರಾಮೀಣ ಪ್ಯಾನನ್ನು ತೆಗೆದು ಮರುಜೋಡಿಸುವ ಕ್ರಮ

ಅವಳಿ ಗುಂಡಿ ಶೌಚಾಲಯಗಳ ಬಿರುಕುಬಿಟ್ಟ ನೆಲಕ್ಕೆ ಹೊಸ ಟೈಲ್ಸ್ ಹಾಕಿಸುವಾಗ, ಗ್ರಾಮೀಣ ಪ್ಯಾನಿನ ಪರಿಚಯವಿಲ್ಲದ ಮೇಸ್ತ್ರಿಯು ಅದನ್ನು ತೆಗೆದುಹಾಕಿ, ಪೇಟೆಯಲ್ಲಿ ದೊರೆಯುವ ಸಾಮಾನ್ಯ ಪ್ಯಾನನ್ನು ಕೂರಿಸುವ ಸಂಭವವಿರುತ್ತದೆ. ಇದಕ್ಕೆ ಅವಕಾಶ ನೀಡಬಾರದು.

ಗ್ರಾಮೀಣ ಪ್ಯಾನಿನ ಇಳಿಜಾರು 25ರಿಂದ 28 ಡಿಗ್ರಿ. ಅದರ ಟ್ರ್ಯಾಪಿನಲ್ಲಿ ದುರ್ವಾಸನೆ ತಡೆಯಲು ನಿಲ್ಲುವ ನೀರು ಕೇವಲ 20 ಮಿ.ಮೀ. ಆದುದರಿಂದ ಒಂದೂವರೆಯಿಂದ ಎರಡು ಲೀಟರ್ ನೀರಿನಲ್ಲಿಯೇ ಮಲವು ಜಾರಿ ಗುಂಡಿ ಸೇರುತ್ತದೆ. ಸಾಮಾನ್ಯ ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ನಿಲ್ಲುವುದರಿಂದ ಪ್ರತಿ ಬಳಕೆಗೂ ಹಲವು ಪಟ್ಟು ನೀರು ಬೇಕಾಗುತ್ತದೆ. ಅಷ್ಟು ನೀರನ್ನು ಇಂಗಿಸಲಾರದೆ ಗುಂಡಿಯು ಬೇಗನೆ ತುಂಬುತ್ತದೆ. ಬಿಂದಿಗೆಯಲ್ಲಿ ನೀರು ಹೊರುವ ಮನೆಯವರು ಶೌಚಾಲಯದ ಬಳಕೆಯನ್ನೇ ಬಿಡುವಂತಾಗುತ್ತದೆ.

ಕಾಮಗಾರಿಯಲ್ಲಿ ಗಮನಿಸತಕ್ಕ ಅಂಶಗಳು:

1. ಹಳೆಯ ನೆಲದ ಮೇಲೆಯೇ ಟೈಲ್ಸ್ ಹಾಕಿದರೆ ಪ್ಯಾನು ತಗ್ಗಿಗೆ ಬೀಳುತ್ತದೆ. ಹಳೆಯ ನೆಲವನ್ನು ಪೂರ್ಣ ಕಿತ್ತು ತೆಗೆಯಬೇಕು.

2. ಪ್ಯಾನಿನ ಸುತ್ತಲಿನ ಗಾರೆಯನ್ನು ಉಳಿಯಿಂದ ನಿಧಾನವಾಗಿ ಬಿಡಿಸಬೇಕು. ಪ್ಯಾನು ತೆಗೆದೊಡನೆ ಟ್ರ್ಯಾಪಿನ ಬಾಯಿಯನ್ನು ಬಟ್ಟೆಯಿಂದ ಮುಚ್ಚಿ, ಮರುಜೋಡಣೆಗೆ ಮುನ್ನ ತಪ್ಪದೆ ತೆಗೆಯಬೇಕು.

3. ಟ್ರ್ಯಾಪನ್ನು ರಸಮಟ್ಟದಿಂದ ಪರಿಶೀಲಿಸಬೇಕು. ಅದು ವಾಲಿದರೆ ನೀರು ನಿಲ್ಲದೆ ದುರ್ವಾಸನೆ ಒಳಬರುತ್ತದೆ.

4. ಪ್ಯಾನಿನ ಅಂಚು ಹೊಸ ನೆಲದ ಮಟ್ಟಕ್ಕೆ ಸರಿಹೊಂದಬೇಕು. ನೆಲವು ಪ್ಯಾನಿನ ಕಡೆಗೆ ಇಳಿಜಾರಾಗಿರಬೇಕು.

5. ಪ್ಯಾನು ಒಡೆದಲ್ಲಿ ಅದೇ ಮಾದರಿಯದನ್ನೇ ತರಿಸಬೇಕು.

ಅಂದಾಜುಪಟ್ಟಿಯಲ್ಲಿ “ಗ್ರಾಮೀಣ ಪ್ಯಾನ್, 20 ಮಿ.ಮೀ. ಟ್ರ್ಯಾಪ್” ಎಂದು ಸ್ಪಷ್ಟವಾಗಿ ನಮೂದಾಗಿರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳುವುದು. ಗಾರೆ ಗಟ್ಟಿಯಾದ ಬಳಿಕ ಎರಡು ಲೀಟರ್ ನೀರು ಸುರಿದು, ಅದು ಸರಾಗವಾಗಿ ಹರಿದುದನ್ನು ಖುದ್ದಾಗಿ ಕಂಡ ಮೇಲೆಯೇ ಬಿಲ್ಲಿಗೆ ಒಪ್ಪಿಗೆ ನೀಡುವುದು ಸೂಕ್ತ.