ಸಾಮಾಜಿಕ ಮಾಧ್ಯಮಗಳ ಪ್ರಚಾರವೃತ್ತಿ: ಅದರ ಸ್ವರೂಪ ಮತ್ತು ಅಳತೆಯ ಪ್ರಶ್ನೆ

ವಾಣಿಜ್ಯಶಾಸ್ತ್ರವನ್ನೋ ಪತ್ರಿಕೋದ್ಯಮವನ್ನೋ ವ್ಯಾಸಂಗಮಾಡಿ ಹೊರಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರು ಮೊದಲಾದ ನಗರಗಳ ಜಾಹೀರಾತು ಏಜೆನ್ಸಿಗಳಲ್ಲಿ ಸಾಮಾಜಿಕ ಮಾಧ್ಯಮ ವಿಭಾಗವನ್ನು ಸೇರುತ್ತಿದ್ದಾರೆ. ಈ ವೃತ್ತಿಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ದಿನವೆಲ್ಲ ಮೊಬೈಲು ನೋಡುತ್ತ ಕಾಲ ಕಳೆಯುವುದೇ ಈ ಕೆಲಸವೆಂದು ಕೆಲವರು ಹಗುರವಾಗಿ ಭಾವಿಸುತ್ತಾರೆ; ಜನರ ಮನಸ್ಸನ್ನು ಬೇಕಾದತ್ತ ತಿರುಗಿಸಬಲ್ಲ ಮಾಯಾವಿದ್ಯೆಯೆಂದು ಮತ್ತೆ ಕೆಲವರು ಬೆರಗಾಗುತ್ತಾರೆ. ಎರಡೂ ಸರಿಯಲ್ಲ. ಈ ವೃತ್ತಿಯಲ್ಲಿ ನಡೆಯುವ ಕೆಲಸವೇನು, ಅದರ ಫಲವನ್ನು ಅಳೆಯುವ ಬಗೆಯೇನು, ಆ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುತ್ತೇವೆ. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ.

೧. ಏಜೆನ್ಸಿಯ ಪೂರ್ವೇತಿಹಾಸ

ಜಾಹೀರಾತು ಏಜೆನ್ಸಿಯು ಮೊದಲಿಗೆ ಬರೆವಣಿಗೆಯ ಸಂಸ್ಥೆಯಾಗಿರಲಿಲ್ಲ. ಜಾಗ ಮಾರುವ ದಲ್ಲಾಳಿಯ ಅಂಗಡಿಯಾಗಿತ್ತು. ೧೮೪೦ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ವಾಲ್ನಿ ಪಾಮರ್ ಎಂಬಾತನು ವೃತ್ತಪತ್ರಿಕೆಗಳ ಪುಟಗಳಲ್ಲಿನ ಜಾಗವನ್ನು ವರ್ತಕರಿಗೆ ಮಾರಿ, ಪತ್ರಿಕೆಗಳಿಂದ ಕಮಿಷನ್ ಪಡೆಯುತ್ತಿದ್ದನು. ಅದೇ ನಗರದಲ್ಲಿ ೧೮೬೯ರಲ್ಲಿ ಸ್ಥಾಪಿತವಾದ ಎನ್. ಡಬ್ಲ್ಯು. ಏಯರ್ ಅಂಡ್ ಸನ್ ಸಂಸ್ಥೆಯು ಮುಂದೆ ವರ್ತಕನೊಡನೆ ಬಹಿರಂಗವಾದ ಕರಾರು ಮಾಡಿಕೊಂಡು, ಪತ್ರಿಕೆಯ ದರವನ್ನು ಮುಚ್ಚಿಡದೆ, ಗೊತ್ತಾದ ಕಮಿಷನ್ನನ್ನು ಮಾತ್ರ ಪಡೆಯುವ ಪದ್ಧತಿಯನ್ನು ತಂದಿತು. ಏಜೆಂಟನು ಪತ್ರಿಕೆಯ ಕಡೆಯವನಲ್ಲ, ವರ್ತಕನ ಕಡೆಯವನು ಎಂಬ ಭಾವನೆಗೆ ಇದು ತಳಹದಿಯಾಯಿತು. ಈ ತತ್ತ್ವವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆಲ್ಲ ಅದೇ ಆಧಾರ.

೨. ಕೆಲಸದ ಸ್ವರೂಪ

ಫೇಸ್‌ಬುಕ್ ೨೦೦೪ರಲ್ಲಿಯೂ, ಯೂಟ್ಯೂಬ್ ೨೦೦೫ರಲ್ಲಿಯೂ, ಇನ್‌ಸ್ಟಾಗ್ರಾಂ ೨೦೧೦ರಲ್ಲಿಯೂ ಹುಟ್ಟಿದವು. ೨೦೦೭ರಲ್ಲಿ ಫೇಸ್‌ಬುಕ್ಕು ವ್ಯಾಪಾರಸಂಸ್ಥೆಗಳಿಗೆ ಪ್ರತ್ಯೇಕ ಪುಟಗಳನ್ನು ತೆರೆಯಲು ಅವಕಾಶ ಕೊಟ್ಟಿತು. ಆ ಪುಟಗಳನ್ನು ನಡೆಸಿಕೊಡುವ ಕೆಲಸವೇ ಏಜೆನ್ಸಿಗೆ ಹೊಸ ಕಸಬಾಗಿ ಬಂದಿತು.

ಕ್ಲೈಂಟ್ ಎಂದು ಈ ವೃತ್ತಿಯವರು ಕರೆಯುವ ವರ್ತಕಸಂಸ್ಥೆಯೊಡನೆ ಮಾತುಕತೆ ನಡೆಸಿ, ಬರುವ ತಿಂಗಳಿನ ಪೋಸ್ಟುಗಳ ಪಟ್ಟಿಯನ್ನು ಸಿದ್ಧಪಡಿಸುವುದು ಮೊದಲನೆಯ ಹೆಜ್ಜೆ. ಯುಗಾದಿ, ದಸರಾ, ದೀಪಾವಳಿಗಳು ಅದರಲ್ಲಿ ತಪ್ಪದೆ ಸೇರುತ್ತವೆ. ಒಬ್ಬರು ಮಾತು ಬರೆಯುತ್ತಾರೆ, ಒಬ್ಬರು ಚಿತ್ರ ರಚಿಸುತ್ತಾರೆ, ಒಬ್ಬರು ವಿಡಿಯೊ ಜೋಡಿಸುತ್ತಾರೆ. ಕ್ಲೈಂಟಿನ ಒಪ್ಪಿಗೆ ದೊರೆತ ಬಳಿಕ ಅವು ಪ್ರಕಟವಾಗುತ್ತವೆ. ಅನಂತರ ಜನರ ಪ್ರಶ್ನೆಗಳಿಗೂ ದೂರುಗಳಿಗೂ ಉತ್ತರ ಕೊಡಬೇಕು. ಹಣ ತೆತ್ತು ಜಾಹೀರಾತುಗಳನ್ನು ಓಡಿಸಬೇಕು. ತಿಂಗಳ ಕೊನೆಗೆ ವರದಿ ಒಪ್ಪಿಸಬೇಕು. ಇವುಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಚಿತ್ರ ಮತ್ತು ಮಾತು; ಏಜೆನ್ಸಿಯ ಭವಿಷ್ಯವನ್ನು ನಿರ್ಣಯಿಸುವುದಾದರೋ ವರದಿ.

೩. ಅಂಕಿಗಳ ಅರ್ಥ

ವರದಿಯಲ್ಲಿ ಬರುವ ಪದಗಳನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸೋಣ. ಚಿಕ್ಕಮಗಳೂರಿನ ಕಾಫಿಪುಡಿಯ ವ್ಯಾಪಾರಿಯೊಬ್ಬನು ಒಂದು ಜಾಹೀರಾತಿಗೆ ೬,೦೦೦ ರೂಪಾಯಿ ವೆಚ್ಚಮಾಡಿದನೆಂದು ಭಾವಿಸಿರಿ. ಜಾಹೀರಾತು ಪರದೆಗಳ ಮೇಲೆ ೫೦,೦೦೦ ಬಾರಿ ಮೂಡಿತು; ಇದಕ್ಕೆ ಇಂಪ್ರೆಷನ್ ಎನ್ನುತ್ತಾರೆ. ಒಬ್ಬರೇ ಹಲವು ಸಲ ನೋಡಿರಬಹುದಾದ್ದರಿಂದ ನೋಡಿದ ಜನರ ಸಂಖ್ಯೆ ೨೦,೦೦೦, ಇದು ರೀಚ್. ಲೈಕ್ ಒತ್ತಿದವರು, ಅಭಿಪ್ರಾಯ ಬರೆದವರು, ಇತರರಿಗೆ ಕಳುಹಿಸಿದವರು ಒಟ್ಟು ೬೦೦, ಇದು ಎಂಗೇಜ್‌ಮೆಂಟ್. ಕೊಂಡಿಯನ್ನು ಒತ್ತಿ ಅಂಗಡಿಯ ಪುಟಕ್ಕೆ ಹೋದವರು ೧೦೦. ಪುಡಿಯನ್ನು ಕೊಂಡವರು ೪.

ಈಗ ಲೆಕ್ಕವನ್ನು ನೋಡಿರಿ. ಸಾವಿರ ಇಂಪ್ರೆಷನ್ನಿಗೆ ತಗಲಿದ ವೆಚ್ಚ ೧೨೦ ರೂಪಾಯಿ. ಒಂದು ಭೇಟಿಗೆ ೬೦ ರೂಪಾಯಿ. ಒಂದು ಮಾರಾಟಕ್ಕೆ ೧,೫೦೦ ರೂಪಾಯಿ. ಎಂಗೇಜ್‌ಮೆಂಟಿನ ಪ್ರಮಾಣವನ್ನು ರೀಚಿನ ಮೇಲೆ ಲೆಕ್ಕಹಾಕಿದರೆ ಶೇಕಡ ೩, ಇಂಪ್ರೆಷನ್ನಿನ ಮೇಲೆ ಲೆಕ್ಕಹಾಕಿದರೆ ಶೇಕಡ ೧.೨. ಇವೆಲ್ಲವೂ ನಿಜವಾದ ಅಂಕಿಗಳೇ, ಯಾವುದರಲ್ಲಿಯೂ ಸುಳ್ಳಿಲ್ಲ. ಆದರೆ ವರದಿಯ ಮೊದಲ ಪುಟದಲ್ಲಿ ಐವತ್ತು ಸಾವಿರವನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ನಾಲ್ಕನ್ನು ಕೊನೆಯ ಪುಟದ ಮೂಲೆಗೆ ತಳ್ಳಿದರೆ ವ್ಯಾಪಾರಿಗೆ ಸತ್ಯ ತಿಳಿದಂತಾಗುವುದಿಲ್ಲ. ಇತ್ತ, ಜಾಹೀರಾತನ್ನು ಕಂಡು ಮರುವಾರ ಅಂಗಡಿಗೇ ಹೋಗಿ ಕೊಂಡವರು ಈ ನಾಲ್ಕರಲ್ಲಿ ಸೇರಿಲ್ಲವೆಂಬುದನ್ನೂ ಮರೆಯಬಾರದು.

೪. ಅಳೆಯುವವರು ಯಾರು?

ಇಲ್ಲಿ ಒಂದು ಹಳೆಯ ತೊಡಕು ಹೊಸ ವೇಷದಲ್ಲಿ ತಲೆದೋರುತ್ತದೆ. ಹಿಂದೆ ಪತ್ರಿಕೆಗಳು ತಮ್ಮ ಪ್ರಸಾರಸಂಖ್ಯೆಯನ್ನು ತಾವೇ ಹೇಳಿಕೊಳ್ಳುತ್ತಿದ್ದವು. ಹೇಳಿದ್ದನ್ನು ಜಾಹೀರಾತುದಾರರು ನಂಬಬೇಕಾಗಿತ್ತು. ಈ ಅವ್ಯವಸ್ಥೆಯನ್ನು ನಿವಾರಿಸಲು ಅಮೆರಿಕದಲ್ಲಿ ೧೯೧೪ರಲ್ಲಿಯೂ, ಭಾರತದಲ್ಲಿ ೧೯೪೮ರಲ್ಲಿಯೂ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆಗಳು ಸ್ಥಾಪಿತವಾದವು. ಮಾರುವವನೇ ತೂಗಬಾರದು, ತಕ್ಕಡಿ ಮೂರನೆಯವನ ಕೈಯಲ್ಲಿರಬೇಕು ಎಂಬುದು ಅವುಗಳ ತತ್ತ್ವ.

ಸಾಮಾಜಿಕ ಮಾಧ್ಯಮಗಳಲ್ಲಿ ಹೊರಗಿನವರ ಪರಿಶೀಲನೆಗೆ ಕೆಲವು ಮಟ್ಟಿಗೆ ಅವಕಾಶ ದೊರೆತಿದ್ದರೂ, ಮೂಲ ಅಂಕಿಗಳು ಮಾಧ್ಯಮದ ಒಡೆತನದ ಕಂಪೆನಿಯವೇ. ಇದರಿಂದ ಆಗಬಹುದಾದ ಅನರ್ಥಕ್ಕೆ ೨೦೧೬ರ ಪ್ರಸಂಗ ನಿದರ್ಶನವಾಗಿದೆ. ವಿಡಿಯೊವನ್ನು ಜನರು ಸರಾಸರಿ ಎಷ್ಟು ಹೊತ್ತು ನೋಡಿದರೆಂಬ ಲೆಕ್ಕದಲ್ಲಿ ತಪ್ಪಾಗಿತ್ತೆಂದು ಫೇಸ್‌ಬುಕ್ಕು ಆ ವರ್ಷ ಒಪ್ಪಿಕೊಂಡಿತು. ನೋಡಿದ ಒಟ್ಟು ಕಾಲವನ್ನು ವಿಡಿಯೊ ಓಡಿಸಿದ ಎಲ್ಲರ ಸಂಖ್ಯೆಯಿಂದ ಭಾಗಿಸಬೇಕಾಗಿತ್ತು. ಮೂರು ಸೆಕೆಂಡಾದರೂ ನೋಡಿದವರ ಸಂಖ್ಯೆಯಿಂದ ಮಾತ್ರ ಭಾಗಿಸಲಾಗಿತ್ತು. ಹತ್ತು ಜನರಲ್ಲಿ ಆರು ಮಂದಿ ಒಂದೊಂದು ಸೆಕೆಂಡು, ನಾಲ್ವರು ಹದಿನೈದು ಸೆಕೆಂಡು ನೋಡಿದರೆನ್ನಿ. ಒಟ್ಟು ೬೬ ಸೆಕೆಂಡು. ಸರಿಯಾದ ಸರಾಸರಿ ೬.೬, ತಪ್ಪು ಕ್ರಮದಲ್ಲಿ ೧೬.೫. ಜಾಹೀರಾತುದಾರರು ಹೂಡಿದ ಮೊಕದ್ದಮೆಯು ೨೦೧೯ರಲ್ಲಿ ನಾಲ್ಕು ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು; ತಾನು ಅಪರಾಧಿಯೆಂದು ಕಂಪೆನಿ ಒಪ್ಪಲಿಲ್ಲ.

ಅಳತೆಯಂತೆ ಹಂಚಿಕೆಯೂ ಮಾಧ್ಯಮದ ಕೈಯಲ್ಲಿಯೇ ಇದೆ. ೨೦೧೮ರ ಜನವರಿಯಲ್ಲಿ ಫೇಸ್‌ಬುಕ್ಕು ವ್ಯಾಪಾರಪುಟಗಳಿಗಿಂತ ಬಂಧುಮಿತ್ರರ ಬರೆಹಗಳಿಗೆ ಪ್ರಾಶಸ್ತ್ಯ ಕೊಡುವುದಾಗಿ ಸಾರಿತು. ವರ್ಷಗಟ್ಟಲೆ ದುಡಿದು ಕೂಡಿಸಿದ ಹಿಂಬಾಲಕರು ತನ್ನ ಆಸ್ತಿಯಲ್ಲ, ಬಾಡಿಗೆಯ ಮನೆಯ ಅತಿಥಿಗಳು ಎಂಬುದನ್ನು ಇಂಥ ನಿರ್ಧಾರಗಳು ವರ್ತಕನಿಗೆ ತೋರಿಸಿಕೊಡುತ್ತವೆ.

೫. ಅಂಕಿಯೇ ಗುರಿಯಾದಾಗ

ಒಂದು ಅಳತೆಯನ್ನು ಆಡಳಿತದ ಸಾಧನವಾಗಿ ಬಳಸತೊಡಗಿದೊಡನೆ ಅದು ನೆಚ್ಚತಕ್ಕ ಅಳತೆಯಾಗಿ ಉಳಿಯುವುದಿಲ್ಲವೆಂಬ ಅಭಿಪ್ರಾಯವನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ೧೯೭೫ರಲ್ಲಿ ಹಣಕಾಸಿನ ನೀತಿಯ ಸಂದರ್ಭದಲ್ಲಿ ಮಂಡಿಸಿದರು. ನಮ್ಮ ವಿಷಯಕ್ಕೂ ಅದು ಅನ್ವಯಿಸುತ್ತದೆ. ಹಿಂಬಾಲಕರ ಸಂಖ್ಯೆಯೇ ಗುರಿಯಾದರೆ ಹಣಕ್ಕೆ ಹಿಂಬಾಲಕರನ್ನು ಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಲೈಕುಗಳೇ ಗುರಿಯಾದರೆ ಕಾಫಿಪುಡಿಗೆ ಸಂಬಂಧವೇ ಇಲ್ಲದ ಹಾಸ್ಯದ ತುಣುಕುಗಳು ಪುಟವನ್ನು ತುಂಬುತ್ತವೆ. ಏಜೆನ್ಸಿಯಲ್ಲಿರುವ ತರುಣನ ಬಡ್ತಿ ಆ ಸಂಖ್ಯೆಯನ್ನೇ ಅವಲಂಬಿಸಿರುವಾಗ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಗುರಿಯನ್ನು ಗೊತ್ತುಮಾಡಿದವರಿಗೂ ಅದರಲ್ಲಿ ಪಾಲಿದೆ.

ಹಣ ಪಡೆದು ಹೊಗಳುವವರ ವಿಷಯದಲ್ಲಿ ಕಟ್ಟುಪಾಡುಗಳು ಏರ್ಪಟ್ಟಿವೆ. ೧೯೮೫ರಲ್ಲಿ ಸ್ಥಾಪಿತವಾದ ಭಾರತದ ಜಾಹೀರಾತು ಮಾನದಂಡ ಮಂಡಲಿಯು ೨೦೨೧ರಲ್ಲಿ ಪ್ರಕಟಿಸಿದ ಸೂತ್ರಗಳ ಪ್ರಕಾರ, ಇನ್‌ಫ್ಲುಯೆನ್ಸರ್ ಎನಿಸಿಕೊಂಡವರು ಪ್ರತಿಫಲಕ್ಕಾಗಿ ಮಾಡಿದ ಪೋಸ್ಟನ್ನು ಜಾಹೀರಾತೆಂದು ಎದ್ದುಕಾಣುವಂತೆ ಗುರುತಿಸಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದಾರಿತಪ್ಪಿಸುವ ಜಾಹೀರಾತಿಗೆ ದಂಡವನ್ನು ವಿಧಿಸುತ್ತದೆ. ಓದುಗನಿಗೆ ಹೀಗೆ ರಕ್ಷಣೆ ದೊರೆತಿದೆ. ವರ್ತಕನಿಗೆ ಒಪ್ಪಿಸುವ ತಿಂಗಳ ವರದಿಯ ಪ್ರಾಮಾಣಿಕತೆಯಾದರೋ ಬಹುಮಟ್ಟಿಗೆ ಬರೆಯುವವರ ಮನಸ್ಸಾಕ್ಷಿಗೇ ಬಿಟ್ಟಿದ್ದು.

೬. ಉಪಸಂಹಾರ

ಹಾಗಾದರೆ ಮಾಡತಕ್ಕದ್ದೇನು? ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ ೧೯೨೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜಾಹೀರಾತಿನೊಡನೆ ಕೂಪನ್ನುಗಳನ್ನು ಅಚ್ಚುಹಾಕಿಸಿ, ಮರಳಿ ಬಂದವುಗಳನ್ನು ಎಣಿಸಿ ಫಲವನ್ನು ಅಳೆಯುವ ಕ್ರಮವನ್ನು ಸಮರ್ಥಿಸಿದನು. ಆ ಎಣಿಕೆ ವರ್ತಕನ ಸ್ವಂತ ಮೇಜಿನ ಮೇಲೆ ನಡೆಯುತ್ತಿತ್ತು. ಇಂದಿಗೂ ಅದೇ ದಾರಿ. ಮಾಧ್ಯಮದ ಅಂಕಿಯ ಪಕ್ಕದಲ್ಲಿ ಅಂಗಡಿಯ ಬಿಲ್ಲುಪುಸ್ತಕವನ್ನಿಟ್ಟು ಹೋಲಿಸಬೇಕು. ಸಾಧ್ಯವಾದಲ್ಲಿ ಹಾಸನದಲ್ಲಿ ಜಾಹೀರಾತು ನಡೆಸಿ, ತುಮಕೂರಿನಲ್ಲಿ ಕೆಲವು ವಾರ ನಿಲ್ಲಿಸಿ, ಎರಡೂ ಕಡೆಯ ಮಾರಾಟದ ವ್ಯತ್ಯಾಸವನ್ನು ನೋಡಬೇಕು. ಜಾಹೀರಾತಿಲ್ಲದಿದ್ದರೂ ಕೊಳ್ಳುತ್ತಿದ್ದವರೆಷ್ಟು ಎಂಬ ಪ್ರಶ್ನೆಗೆ ಬೇರೆ ರೀತಿಯಲ್ಲಿ ಉತ್ತರ ದೊರೆಯುವುದು ಕಷ್ಟ.

ಈ ವೃತ್ತಿಯನ್ನು ಕೈಕೊಳ್ಳುವ ವಿದ್ಯಾರ್ಥಿಗೆ ಭಾಷೆಯ ಹಿಡಿತದಷ್ಟೇ ಸಂಖ್ಯಾಶಾಸ್ತ್ರದ ಪ್ರಾಥಮಿಕ ಪರಿಚಯವೂ ಅವಶ್ಯಕವೆಂದು ಇದರಿಂದ ಸಿದ್ಧವಾಗುತ್ತದೆ. ಅಧ್ಯಾಪಕರು ತರಗತಿಯಲ್ಲಿ ಜಾಹೀರಾತಿನ ರಚನೆಯನ್ನು ಬೋಧಿಸುವಾಗ ವರದಿಯ ಪರೀಕ್ಷೆಯನ್ನೂ ಬೋಧಿಸುವುದು ಒಳ್ಳೆಯದು. ಏಯರ್ ಸಂಸ್ಥೆಯ ಕಾಲದಲ್ಲಿ ಏಜೆಂಟನು ವರ್ತಕನ ಕಡೆಯವನೆಂಬುದು ಪತ್ರಿಕೆಯ ದರವನ್ನು ತೆರೆದು ತೋರಿಸುವುದರಿಂದ ಸ್ಪಷ್ಟವಾಯಿತು. ಈ ಕಾಲದಲ್ಲಿ ಅದು ಸ್ಪಷ್ಟವಾಗಬೇಕಾದರೆ, ಆ ನಾಲ್ಕು ಮಾರಾಟಗಳ ಅಂಕಿ ವರದಿಯ ಮೊದಲ ಪುಟದಲ್ಲಿ ಕಾಣಬೇಕು.